ಯಾರಿಗೆ ಎಷ್ಟು ಬಂತು, ಯಾರಿಗೆ ಯಾಕೆ ಬರಲಿಲ್ಲ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ನಮ್ಮ ಹೊಲಕ್ಕೆ ಬಂದು ಆರು ದಿನ ಇದ್ದು ಹೋಯಿತು. ಮೇಲೆ ನವಿಲುತೀರ್ಥದ ಆಣೆಕಟ್ಟು ತುಂಬಿ ನೀರು ಬಿಟ್ಟಿದ್ದರು. ನೀರು ಇಳಿದ ಮೇಲೆ ಅಪ್ಪನ ಜೊತೆ ನಾನೂ ಹೊಲಕ್ಕೆ ಹೋದೆ. ಎರಿ ಮಣ್ಣು ಹೆಜ್ಜೆ ಹೆಜ್ಜೆಗೂ ಕಾಲು ಹಿಡಿಯುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದೆವು.

ಹೆಸರುಕಾಳಿನ ಬೆಳೆ ಬಿಡಿಸುವುದಕ್ಕೆ ಬಂದಿತ್ತು. ಇನ್ನೊಂದು ವಾರ ಮಳೆ ತಡೆದಿದ್ದರೆ ಚೀಲ ತುಂಬುತ್ತಿತ್ತು. ನೀರು ನಿಂತ ಕಡೆ ಗಿಡವೇ ಕೊಳೆತು ನೆಲಕ್ಕೆ ಅಂಟಿಕೊಂಡಿತ್ತು. ದಿಬ್ಬದ ಕಡೆ ಗಿಡ ನಿಂತಿತ್ತು, ಆದರೆ ಕಾಯಿ ಎಲ್ಲ ಕರ್ರಗೆ. ಅಪ್ಪ ಒಂದು ಕಾಯಿ ಕಿತ್ತು ನನ್ನ ಅಂಗೈ ಮೇಲಿಟ್ಟ. ಕಾಯಿ ಸೀಳಿ ಒಳಗಿನ ಕಾಳು ಮೊಳಕೆ ಒಡೆದಿತ್ತು. ಬೆಳ್ಳನೆಯ ಸಣ್ಣ ಬಾಲ ಹೊರಗೆ ಬಂದಿತ್ತು. ಅಪ್ಪ ಏನೂ ಮಾತಾಡಲಿಲ್ಲ. ಆ ವಾಸನೆ ಮಾತ್ರ ನನಗೆ ಇವತ್ತಿಗೂ ನೆನಪಿದೆ. ಕೊಳೆತ ಸೊಪ್ಪು, ಕೆಸರು, ಅದರ ಜೊತೆ ಹಸಿ ಹೆಸರುಕಾಳಿನ ಸಿಹಿ.

ಕೆಲವು ದಿನದ ಮೇಲೆ ಸಮೀಕ್ಷೆಯವರು ಬಂದರು. ಕಂದಾಯ, ಕೃಷಿ, ತೋಟಗಾರಿಕೆ ಮೂರೂ ಇಲಾಖೆಯವರು ಸೇರಿ ಮಾಡುವ ಜಂಟಿ ಸಮೀಕ್ಷೆ. ರಸ್ತೆ ಮೇಲೆಯೇ ಬೈಕ್ ನಿಲ್ಲಿಸಿದರು. ಸರ್ವೆ ನಂಬರ್ ಕೇಳಿದರು, ಬರೆದುಕೊಂಡರು. ಅವರನ್ನು ನಾನು ಬೈಯುವುದಿಲ್ಲ. ಒಂದೊಂದು ದಿನಕ್ಕೆ ಐದಾರು ಊರು ನೋಡಬೇಕಾಗಿತ್ತು, ಅರ್ಧ ರಸ್ತೆ ನೀರಲ್ಲಿತ್ತು.

"ಏನ್ ಬರಕೊಂಡ್ರಿ ಸಾಹೇಬ್ರ?" ಅಂದ ಅಪ್ಪ.

"ಎಲ್ಲಾ ಬರಕೊಂಡೀವಿ ಯಜಮಾನ್ರ. ಬರ್ತೈತಿ, ಚಿಂತಿ ಮಾಡಬ್ಯಾಡ್ರಿ."

ಬಂತು ಕೂಡ. ತಿಂಗಳುಗಳಾದ ಮೇಲೆ, ಎರಡು ಕಂತಿನಲ್ಲಿ. ಫೋನಿಗೆ ಮೆಸೇಜ್ ಬಂದ ದಿನ ಅಪ್ಪ ನನಗೆ ಹುಬ್ಬಳ್ಳಿಗೆ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದ: "ಇದು ಯಾವ ಲೆಕ್ಕದಾಗ ಬಂತವಾ?"

ನಾನು ಲೆಕ್ಕಪತ್ರದ ಕೆಲಸ ಮಾಡುವವಳು. ದಿನವಿಡೀ ಬಿಲ್ಲು, ವೋಚರು, ಲೆಡ್ಜರು. ಒಂದು ರೂಪಾಯಿ ಎಲ್ಲಿಂದ ಬಂತು, ಯಾಕೆ ಬಂತು ಎಂದು ಬರೆಯದೆ ಪುಟ ತಿರುವುವ ಹಾಗಿಲ್ಲ. ಅಪ್ಪನ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೆಸೇಜಿನಲ್ಲಿ ಮೊತ್ತ ಇತ್ತು. ಎಷ್ಟು ಎಕರೆಗೆ, ಯಾವ ಬೆಳೆಗೆ, ಯಾವ ದರದಲ್ಲಿ ಎಂಬುದು ಇರಲಿಲ್ಲ.

ಆ ಪ್ರಶ್ನೆ ಹಿಡಿದುಕೊಂಡು ನಾನು ಓದುವುದಕ್ಕೆ ಶುರು ಮಾಡಿದೆ.

ನಮ್ಮದು 3 ಎಕರೆ 20 ಗುಂಟೆ. ಹೆಕ್ಟೇರ್ ಲೆಕ್ಕದಲ್ಲಿ ಹತ್ತಿರ ಹತ್ತಿರ 1.42. ಪೂರ್ತಿ ಖುಷ್ಕಿ, ಅಂದರೆ ಮಳೆ ನಂಬಿದ ಹೊಲ. ಕೇಂದ್ರ ಸರ್ಕಾರ ವಿಪತ್ತು ಪರಿಹಾರ ನಿಧಿಗೆ ದರ ಗೊತ್ತು ಮಾಡುತ್ತದೆ. ಆಗ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ, ನೀರಾವರಿಗೆ 13,500, ತೋಟದ ಬಹುವಾರ್ಷಿಕ ಬೆಳೆಗೆ 18,000. ಬೆಳೆ ಶೇ 33ರಷ್ಟಾದರೂ ಹಾಳಾಗಿರಬೇಕು. 2015ಕ್ಕೆ ಮುಂಚೆ ಅರ್ಧ ಬೆಳೆಯೇ ಹೋಗಿರಬೇಕಾಗಿತ್ತು. ಎಷ್ಟೇ ಹೊಲ ಇರಲಿ, ಪರಿಹಾರ 2 ಹೆಕ್ಟೇರಿಗೆ ಮಾತ್ರ, ಹೆಚ್ಚು ಕಡಿಮೆ 5 ಎಕರೆ. 2019ರ ಪ್ರವಾಹಕ್ಕೆ ಯಡಿಯೂರಪ್ಪನವರ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ತನ್ನ ಕಡೆಯಿಂದ ಸೇರಿಸಿತು. ಖುಷ್ಕಿಗೆ ಒಟ್ಟು 16,800 ಆಯಿತು. ನಮ್ಮ ಹೊಲಕ್ಕೆ 23,800ರ ಆಸುಪಾಸು.

2021ರ ನವೆಂಬರ್‌ನಲ್ಲಿ ಅಕಾಲಕ್ಕೆ ಮಳೆ ಹೊಡೆಯಿತು. ಮೊಳಕಾಲುದ್ದ ಬೆಳೆದ ಕಡಲೆಯ ಬುಡ ಕೊಳೆಯಿತು. ಅಂಗಳದಲ್ಲಿ ಹರವಿದ ಮೆಣಸಿನಕಾಯಿಗೆ ಬೂಷ್ಟು ಹಿಡಿಯಿತು. ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಬೊಮ್ಮಾಯಿಯವರು ಪರಿಹಾರ ಹೆಚ್ಚಿಸಿದರು. ಖುಷ್ಕಿಗೆ 13,600, ನೀರಾವರಿಗೆ 25,000, ತೋಟಕ್ಕೆ 28,000. ನಮ್ಮ ಹೊಲದ ಲೆಕ್ಕ 19,300ರ ಹತ್ತಿರ.

2023ರಲ್ಲಿ ಬರ. ಅಷ್ಟರಲ್ಲಿ ಕೇಂದ್ರದ ದರ ಪರಿಷ್ಕರಣೆಯಾಗಿ ಖುಷ್ಕಿಗೆ 8,500 ಆಗಿತ್ತು. ಆ ದರದಲ್ಲಿ ನಮ್ಮ ಹೊಲಕ್ಕೆ 12,000 ಚಿಲ್ಲರೆ. ಮೊದಲು ಎರಡು ಸಾವಿರದವರೆಗೆ ಒಂದು ಕಂತು ಬಂತು, ಉಳಿದದ್ದಕ್ಕೆ ಕಾಯಬೇಕಾಯಿತು. 2025ರ ಮಳೆಗಾಲದಲ್ಲಿ ಭೀಮಾ ನದಿ ಕಲಬುರಗಿಯ ತೊಗರಿ ಹೊಲಗಳನ್ನು ನುಂಗಿದಾಗ, ಸಿದ್ದರಾಮಯ್ಯನವರು ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಎಂದು ಹೇಳಿದರು. ಖುಷ್ಕಿಗೆ ಒಟ್ಟು 17,000. ನಮ್ಮ 3 ಎಕರೆ 20 ಗುಂಟೆಯಷ್ಟೇ ಇರುವ ಹೊಲಕ್ಕೆ ಅದು 24,000 ದಾಟುತ್ತದೆ.

ಅದೇ ಅಳತೆಯ ಹೊಲ, ಅದೇ ಖುಷ್ಕಿ. ಒಂದು ಸಲ 23,800, ಒಂದು ಸಲ 19,300, ಒಂದು ಸಲ 12,000, ಒಂದು ಸಲ 24,000. ಪ್ರತಿ ಸಲವೂ ಬೆಳೆ ಹೋದದ್ದು ಮಾತ್ರ ಪೂರ್ತಿ. ಸರ್ಕಾರ ತನ್ನ ಕೈಯಿಂದ ಹೆಚ್ಚು ಕೊಟ್ಟರೆ ನನಗೆ ಸಂತೋಷವೇ. ಆದರೆ ದರ ಹೀಗೆ ಏರಿ ಇಳಿಯುವಾಗ ರೈತನಿಗೆ ತನ್ನ ಖಾತೆಗೆ ಬಂದದ್ದು ಸರಿಯಾ ತಪ್ಪಾ ಎಂದು ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದವನು ಎಷ್ಟು ಬಂದರೂ "ಬಂತಲ್ಲ, ಪುಣ್ಯ" ಅನ್ನುತ್ತಾನೆ. ಅಪ್ಪನ ಓರಗೆಯವರೆಲ್ಲ ಹಾಗೇ ಅನ್ನುತ್ತಿದ್ದರು. ತಮಗೆ ಬರಬೇಕಾದದ್ದು ಎಂಬ ಭಾವನೆಯೇ ಅವರಲ್ಲಿ ಇರಲಿಲ್ಲ. ಯಾರೋ ದೊಡ್ಡವರು ಕೊಟ್ಟ ದಾನ ಎಂಬಂತೆ ಕೈಮುಗಿಯುತ್ತಿದ್ದರು. ಅದನ್ನು ನೋಡಿ ನನಗೆ ಸಂಕಟ ಆಗುತ್ತಿತ್ತು.

ಮೇಲ್ಮಟ್ಟದ ಅಂಕಿಗಳು ನಮಗೆಲ್ಲ ಚೆನ್ನಾಗಿ ಗೊತ್ತು. 2023ರ ಬರಕ್ಕೆ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ. ರಾಜ್ಯ ಕೇಂದ್ರಕ್ಕೆ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ತಿಂಗಳುಗಟ್ಟಲೆ ಟಿವಿಯಲ್ಲಿ, ಪೇಪರಿನಲ್ಲಿ ಇದೇ ಜಗಳ. ಆ ಜಗಳ ಬೇಕಾದದ್ದೇ. ಆದರೆ ಆ 3,454 ಕೋಟಿ ಒಂದು ಊರಿನ ಒಂದು ಓಣಿಗೆ ಬರುವ ಹೊತ್ತಿಗೆ ಯಾರಿಗೆ ಎಷ್ಟಾಯಿತು ಎಂದು ಕೇಳಿದರೆ ಆ ಓಣಿಯವರಿಗೇ ಗೊತ್ತಿರುವುದಿಲ್ಲ.

ಪರಿಹಾರ ಬರುವ ದಾರಿಯನ್ನು ಸ್ವಲ್ಪ ಹೇಳುತ್ತೇನೆ. ಇದನ್ನು ತಿಳಿದುಕೊಳ್ಳುವುದಕ್ಕೆ ನನಗೇ ಎರಡು ವರ್ಷ ಹಿಡಿಯಿತು.

ಮೊದಲು ಉತಾರ. ಬೆಂಗಳೂರು ಕಡೆಯವರು ಪಹಣಿ ಅನ್ನುತ್ತಾರೆ. ಅದರಲ್ಲಿ ನಿಮ್ಮ ಹೆಸರಿರಬೇಕು. ಆ ಹೆಸರು ಆಧಾರ್ ಜೊತೆ ಕೂಡಿ ಸರ್ಕಾರದ ರೈತ ನೋಂದಣಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ನೋಂದಣಿಯಾಗಿ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಬಂದಿರಬೇಕು. ಮುಂಗಾರು, ಹಿಂಗಾರು ಎರಡಕ್ಕೂ ಬೆಳೆ ಸಮೀಕ್ಷೆ ನಡೆಯುತ್ತದೆ. ಊರಿನದೇ ಒಬ್ಬ ಹುಡುಗ ಮೊಬೈಲ್ ಹಿಡಿದು ಬಂದು ಹೊಲದ ಫೋಟೋ ತೆಗೆದು ಬೆಳೆ ಯಾವುದೆಂದು ಹಾಕುತ್ತಾನೆ. ಅಲ್ಲಿ ಹೆಸರುಕಾಳಿನ ಬದಲು ಗೋವಿನಜೋಳ ಎಂದು ಬಿದ್ದರೆ, ಅಥವಾ ಬೀಳು ಎಂದು ಬಿದ್ದರೆ, ಆಮೇಲೆ ಪಡಿಪಾಟಲು. 'ಬೆಳೆ ದರ್ಶಕ' ಎಂಬ ಆ್ಯಪ್‌ನಲ್ಲಿ ನೋಡಿ ತಕರಾರು ಹಾಕಬಹುದು. ಎಷ್ಟು ಜನಕ್ಕೆ ಗೊತ್ತಿದೆ? ಆಮೇಲೆ ಜಂಟಿ ಸಮೀಕ್ಷೆ. ಆ ವಿವರವನ್ನು 'ಪರಿಹಾರ' ತಂತ್ರಾಂಶಕ್ಕೆ ತುಂಬುತ್ತಾರೆ. ಮೇಲಿನವರು ಒಪ್ಪಿಗೆ ಕೊಡುತ್ತಾರೆ. ಆಮೇಲೆ ದುಡ್ಡು ಆಧಾರ್ ಹಿಡಿದು ಬ್ಯಾಂಕ್ ಖಾತೆ ಹುಡುಕಿಕೊಂಡು ಹೋಗುತ್ತದೆ. ನೀವು ತಲಾಟಿಗೆ, ಅಂದರೆ ಗ್ರಾಮ ಲೆಕ್ಕಿಗರಿಗೆ, ಕೊಟ್ಟ ಪಾಸ್‌ಬುಕ್ ಜೆರಾಕ್ಸ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೊನೆಗೆ ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ.

ಇದರ ಜೊತೆ ಬೆಳೆ ವಿಮೆ ಬೇರೆ ಇದೆ. ಅದು ಕಂತು ಕಟ್ಟಿದವರಿಗೆ ಮಾತ್ರ. ಅದರ ಲೆಕ್ಕ ಗ್ರಾಮ ಪಂಚಾಯಿತಿಯ ಇಲ್ಲವೇ ಹೋಬಳಿಯ ಸರಾಸರಿ ಇಳುವರಿಯ ಮೇಲೆ. ಊರಲ್ಲಿ ಎರಡನ್ನೂ ಕಲಸಿ "ಪರಿಹಾರ" ಅಂತಲೇ ಕರೆಯುತ್ತಾರೆ. "ಅವ್ರಿಗೆ ಬಂತು, ನಮಗ ಬರಲಿಲ್ಲ" ಎಂಬ ಅರ್ಧ ಜಗಳ ಹುಟ್ಟುವುದೇ ಇಲ್ಲಿ.

ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ದುಡ್ಡು ನಿಲ್ಲುತ್ತದೆ. ಯಾವ ಕೊಂಡಿ ತಪ್ಪಿತು ಎಂದು ಯಾರೂ ಮನೆಗೆ ಬಂದು ಹೇಳುವುದಿಲ್ಲ. ಪರಿಹಾರದ ಜಾಲತಾಣಕ್ಕೆ ಹೋಗಿ ವರ್ಷ ಆರಿಸಿ, ಆಧಾರ್ ನಂಬರೋ ಸರ್ವೆ ನಂಬರೋ ಹಾಕಿದರೆ ನಿಮ್ಮ ಪರಿಹಾರದ ಸ್ಥಿತಿ ಕಾಣುತ್ತದೆ. ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಹಿಂದೆ ಚೆಕ್ ಕೊಡುತ್ತಿದ್ದ ಕಾಲದಲ್ಲಿ ಕಚೇರಿಗೆ ಎಷ್ಟು ಸಲ ಅಲೆಯಬೇಕಿತ್ತು ಎಂದು ಅಪ್ಪನೇ ಹೇಳುತ್ತಿದ್ದ. ಆದರೆ ಅದು ನನ್ನ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಊರಿನ ಪ್ರಶ್ನೆಗೆ ಅಲ್ಲಿ ಉತ್ತರ ಇಲ್ಲ. ಊರವಾರು ಪಟ್ಟಿ ಸಿಕ್ಕರೂ ಅದರಲ್ಲಿ ಬಂದವರ ಹೆಸರು ಇರುತ್ತದೆ. ಬರದವರು ಯಾರು, ಯಾಕೆ ಬರಲಿಲ್ಲ ಎಂಬುದು ಒಂದು ಊರಿಗೆ ಅಷ್ಟೇ ಮುಖ್ಯ, ಅಲ್ವಾ?

2022ರ ಬೇಸಿಗೆಯಲ್ಲಿ ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೇರಿದ್ದಾಗಿರಬೇಕು, 150 ಪದ ಮೀರಬಾರದು. ಬರೆದು ಬರೆದು ಹೊಡೆದು ಹಾಕಿದೆ. ಕೊನೆಗೆ ಉಳಿದದ್ದು ಇಷ್ಟು: ಹೋದ ನವೆಂಬರ್ ಮಳೆಯ ನಷ್ಟಕ್ಕೆ ನಮ್ಮ ಊರಿನ ಜಂಟಿ ಸಮೀಕ್ಷೆ ವರದಿ, ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಮಂಜೂರಾದ ಮೊತ್ತ, ತಿರಸ್ಕಾರವಾಗಿದ್ದರೆ ಅದರ ಕಾರಣ. ಆಧಾರ್ ನಂಬರ್, ಖಾತೆ ನಂಬರ್ ಬೇಡ ಎಂದು ಬೇಕಂತಲೇ ಬರೆದೆ.

ಕಾಯ್ದೆಯ ಪ್ರಕಾರ 30 ದಿನ. ಉತ್ತರ ಬಂದಾಗ ಅದು ದಾಟಿತ್ತು. 'ಮೂರನೇ ವ್ಯಕ್ತಿಯ ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ' ಎಂದು ಎರಡು ಸಾಲು. ನಾನು ಮೇಲ್ಮನವಿ ಹಾಕಿದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು, ಸಹಾಯಧನ ಯೋಜನೆಗಳಲ್ಲಿ ಯಾರಿಗೆ ಎಷ್ಟು ಹಂಚಿದ್ದೀರಿ, ಫಲಾನುಭವಿಗಳು ಯಾರು ಎಂಬುದನ್ನು ಯಾರೂ ಕೇಳದಿದ್ದರೂ ನೀವೇ ಪ್ರಕಟಿಸಬೇಕು ಅನ್ನುತ್ತದೆ. ಆ ಸಾಲನ್ನು ಹಾಗೇ ಬರೆದು ಕಳಿಸಿದೆ. ಮೇಲ್ಮನವಿ ಕೇಳಿದ ಅಧಿಕಾರಿ ಓದಿ, ಕನ್ನಡಕ ತೆಗೆದು, "ಕೊಡ್ರಿ, ಇದರಾಗ ಮುಚ್ಚಿಡೂದು ಏನೈತಿ" ಅಂದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆದರೆ ಆ ಮಾತಿಗೆ ನಾನು ಋಣಿ.

ಹನ್ನೊಂದು ಹಾಳೆ ಸಿಕ್ಕಿತು. ಸಣ್ಣ ಅಕ್ಷರ, ಕೆಲವು ಕಡೆ ಅರ್ಧ ಅಳಿಸಿದ ಪ್ರಿಂಟು.

ಆ ಹಾಳೆಗಳನ್ನು ಏನು ಮಾಡುವುದು ಎಂದು ನನಗೂ ಗೊತ್ತಿರಲಿಲ್ಲ. ಪಂಚಾಯಿತಿ ಗೋಡೆಗೆ ಹಚ್ಚೋಣ ಅಂದೆ. ಅವ್ವ ಬೇಡ ಅಂದಳು. "ಓದಾಕ ಬರೋರಿಗೆ ಗ್ವಾಡಿ, ಓದಾಕ ಬರದವ್ರಿಗೆ? ನೀನ ಓದು. ಶನಿವಾರ ಹನಮಪ್ಪನ ಗುಡಿಗೆ ಎಲ್ಲಾರೂ ಬರ್ತಾರ."

ಶನಿವಾರ ಸಂಜೆ ಗುಡಿ ಅಂಗಳದಲ್ಲಿ ಕೂತು ಓದಿದೆ. ಮೊದಲು ಹತ್ತು ಜನ ಇದ್ದರು, ಎರಡನೇ ಹಾಳೆಗೆ ಬರುವಷ್ಟರಲ್ಲಿ ಅಂಗಳ ತುಂಬಿತ್ತು. ಸರ್ವೆ ನಂಬರ್, ಹೆಸರು, ಬೆಳೆ, ಎಕರೆ, ರೂಪಾಯಿ. ಇಷ್ಟೇ. ನಡುವೆ ಯಾರೋ ನಗುತ್ತಿದ್ದರು, ಯಾರೋ ತಡೆಯುತ್ತಿದ್ದರು. ಒಂದು ಸರ್ವೆ ನಂಬರ್ ಓದಿದಾಗ ಅಜ್ಜಂದಿರೊಬ್ಬರು ಕೋಲು ಕುಟ್ಟಿ, "ಆ ಹೊಲ ಬಿತ್ತಿಲ್ಲ ತಂಗೀ, ಬೀಳು ಬಿದ್ದೈತಿ ಮೂರು ವರ್ಷ" ಅಂದರು. ಯಾವ ಕಂಪ್ಯೂಟರಿಗೆ ಅದು ಗೊತ್ತಾಗುತ್ತದೆ? ಪ್ರತಿ ದಿನ ಆ ಹೊಲದ ಬದುವಿನ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುವ ಮನುಷ್ಯನಿಗೆ ಗೊತ್ತು.

ನಾಲ್ಕನೇ ಹಾಳೆಯಲ್ಲಿ ನಮ್ಮ ದೂರದ ಕಾಕಾ ಒಬ್ಬರ ಹೆಸರು ಬಂತು. ಕಡಲೆ, 2 ಎಕರೆ, ಹತ್ತಿರ ಹತ್ತಿರ 11,000 ರೂಪಾಯಿ. ಜಮಾ ಆಗಿದೆ ಎಂದು ಬರೆದಿತ್ತು. ಕಾಕಾ ಎದ್ದು ನಿಂತರು. "ನನಗ ಒಂದ್ ರೂಪಾಯಿ ಬಂದಿಲ್ಲ. ಯಾರ್ ತಿಂದ್ರು ಹೇಳ್ರಿ." ದನಿ ನಡುಗುತ್ತಿತ್ತು. ಎಲ್ಲರೂ ತಲಾಟಿಯ ಹೆಸರು ಎತ್ತಿದರು. ಗದ್ದಲ ಜಾಸ್ತಿಯಾಯಿತು. ಓದುವುದೇ ತಪ್ಪಾಯಿತೇನೋ ಎಂದು ನನಗೆ ಹೆದರಿಕೆಯಾಯಿತು.

ಸೋಮವಾರ ಕಾಕಾನನ್ನು ಕರೆದುಕೊಂಡು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ನೋಡಿದೆವು. ಅವರು ವರ್ಷಗಳ ಹಿಂದೆ ಉದ್ಯೋಗ ಖಾತ್ರಿ ಕೂಲಿಗೆ ಎಂದು ಬೇರೊಂದು ಬ್ಯಾಂಕಿನಲ್ಲಿ ತೆರೆದಿದ್ದ ಖಾತೆ ಅದು. ಪಾಸ್‌ಬುಕ್ಕೂ ಕಳೆದಿತ್ತು. ದುಡ್ಡು ಅಲ್ಲಿ ಪೂರ್ತಿ ಇತ್ತು, ತಿಂಗಳುಗಳಿಂದ ಸುಮ್ನೆ ಬಿದ್ದಿತ್ತು. ಕಾಕಾ ಕೌಂಟರ್ ಮುಂದೆ ನಿಂತು ಹೊಸ ಪಾಸ್‌ಬುಕ್ಕಿನ ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಊರಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ, ತಲಾಟಿಯ ಬಳಿ ಹೋಗಿ, "ನಿಮಗ ಅಂದಿದ್ದು ತಪ್ಪಾತ್ರಿ" ಎಂದು ಹೇಳಿದ್ದು.

ಇದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಪಟ್ಟಿ ತೆರೆದಿಟ್ಟರೆ ಕಳ್ಳತನ ಸಿಕ್ಕಿಬೀಳುತ್ತದೆ ಎಂದು ಹೇಳುವವರು ಜಾಸ್ತಿ. ಸಿಕ್ಕಿಬೀಳುತ್ತದೆ, ನಿಜ. ಆದರೆ ಮಾಡದ ಕಳ್ಳತನದ ಅಪವಾದ ಹೊತ್ತ ಮನುಷ್ಯನಿಗೂ ಆ ಪಟ್ಟಿಯಿಂದಲೇ ಬಿಡುಗಡೆ ಸಿಗುತ್ತದೆ. ನಮ್ಮ ಕಡೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಕರೆಯುವ ಆ ಹುದ್ದೆಯಲ್ಲಿ ಎಷ್ಟೋ ಹುಡುಗ ಹುಡುಗಿಯರು ಮೂರು ನಾಲ್ಕು ಊರು ಹೊತ್ತುಕೊಂಡು ದುಡಿಯುತ್ತಿದ್ದಾರೆ. ಕೈಗೆ ಬಾರದ ದುಡ್ಡಿಗೆಲ್ಲ ಬೈಗುಳ ತಿನ್ನುವವರು ಅವರೇ.

ಅವತ್ತು ಇನ್ನೊಂದು ನಡೆಯಿತು. ಅದನ್ನೂ ಬಿಡದೆ ಹೇಳಬೇಕು. ಏಳನೇ ಹಾಳೆಯಲ್ಲಿ ಒಬ್ಬರ ಖುಷ್ಕಿ ಹೊಲ ನೀರಾವರಿ ಎಂದು ಬಿದ್ದಿತ್ತು. 13,600ರ ಬದಲು 25,000ದ ದರ. ಓದಿದ ಕೂಡಲೇ ಎಲ್ಲರೂ ಅವರ ಕಡೆ ತಿರುಗಿದರು. ಅವರು ಎದ್ದು ಟವೆಲ್ ಝಾಡಿಸಿ ಹೊರಟುಹೋದರು. ಮರುದಿನ ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. "ತಂಗೀ, ನಾ ಯಾರಿಗೂ ರೊಕ್ಕಾ ಕೊಟ್ಟು ಬರಿಸಿಲ್ಲ. ಅವ್ರು ಏನ್ ಬರದಾರೋ ನನಗೇನ್ ಗೊತ್ತು? ಬಂದದ್ದು ಮಗಳ ಬಾಣಂತನಕ್ಕ ಹೋತು. ಈಗ ತಿರುಗಿ ಕೊಡಂದ್ರ ಎಲ್ಲಿಂದ ಕೊಡ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಹೆಂಡತಿ ಒಂದು ತಿಂಗಳು ನೀರಿನ ನಲ್ಲಿ ಹತ್ತಿರ ಯಾರ ಜೊತೆಗೂ ಮಾತಾಡಲಿಲ್ಲ. ನಾನು ಮಾಡಿದ್ದು ಸರಿಯೇ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಈಗ ನನಗೆ ಅನ್ನಿಸುವುದು ಇದು. ತಪ್ಪಾದದ್ದು ಪಟ್ಟಿ ಓದಿದ್ದರಲ್ಲಿ ಅಲ್ಲ, ಓದಿದ ಹೊತ್ತಿನಲ್ಲಿ. ದುಡ್ಡು ಹೋದ ಮೇಲೆ ಓದಿದೆ. ದುಡ್ಡು ಹೋಗುವ ಮುಂಚೆ, ಸಮೀಕ್ಷೆ ಮುಗಿದ ವಾರದಲ್ಲೇ ಆ ಕರಡು ಪಟ್ಟಿಯನ್ನು ಊರ ಮುಂದೆ ಓದಿದ್ದರೆ ಅವರೇ ಎದ್ದು, "ನಂದು ಖುಷ್ಕಿ ಐತ್ರಿ, ತಿದ್ದಿಕೊಳ್ರಿ" ಅನ್ನುತ್ತಿದ್ದರು. ಮರ್ಯಾದೆ ಉಳಿಯುತ್ತಿತ್ತು. ಬೀಳು ಹೊಲವೂ ಅಲ್ಲೇ ತೆಗೆದು ಹೋಗುತ್ತಿತ್ತು, ಬಿಟ್ಟು ಹೋದವರೂ ಅಲ್ಲೇ ಸೇರುತ್ತಿದ್ದರು.

ಇದೇನು ಹೊಸ ವಿಚಾರ ಅಲ್ಲ. ನಮ್ಮ ಅಜ್ಜ ಆಣೆವಾರಿ ಎಂಬ ಮಾತು ಆಡುತ್ತಿದ್ದ. ಈ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದ ಮಾತು. ಹದಿನಾರಾಣೆ ಬೆಳೆಗೆ ಈ ವರ್ಷ ಎಷ್ಟಾಣೆ ಎಂದು ಅಂದಾಜು ಹಾಕುವ ಪದ್ಧತಿ. ಸಾಹೇಬರು ಹೊಲಕ್ಕೆ ಬಂದರೆ ಊರ ಹಿರಿಯರೆಲ್ಲ ಸುತ್ತ ನಿಂತು ವಾದ ಮಾಡುತ್ತಿದ್ದರಂತೆ. ಅವರು ಆರಾಣೆ ಅಂದರೆ ಇವರು ನಾಲ್ಕಾಣೆ. ಆ ಪದ್ಧತಿ ನ್ಯಾಯದ್ದಾಗಿತ್ತು ಎಂದು ನಾನು ಹೇಳುವುದಿಲ್ಲ. ಊರ ಗೌಡರ ಮಾತೇ ಅಲ್ಲಿ ನಡೆಯುತ್ತಿತ್ತು ಎಂದು ಅಜ್ಜನೇ ಹೇಳುತ್ತಿದ್ದ. ಆದರೂ ಅಂದಾಜು ಬಾಯಿಂದ ಬರುತ್ತಿತ್ತು, ನಾಲ್ಕು ಜನರ ಕಿವಿಗೆ ಬೀಳುತ್ತಿತ್ತು.

ರಾಜಸ್ಥಾನದಲ್ಲಿ ಇದನ್ನೇ ಬಡವರು ತಮ್ಮ ಕೈಗೆ ತೆಗೆದುಕೊಂಡರು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅವರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್, 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್‌ಕಿರಾನಾದಲ್ಲಿ ಮೊದಲ ಜನಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಸಿತು. ಸರ್ಕಾರಿ ಕಾಮಗಾರಿಗಳ ಲೆಕ್ಕವನ್ನು ಊರವರ ಮುಂದೆ ಜೋರಾಗಿ ಓದಿದರು, ಅಷ್ಟೇ. ಆ ಓದಿನಿಂದ ಬೆಳೆದ ಹೋರಾಟ ಮುಂದೆ 2005ರ ಮಾಹಿತಿ ಹಕ್ಕು ಕಾಯ್ದೆಯವರೆಗೂ ಬಂತು. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಗ್ರಾಮಸಭೆಯೇ ಸಾಮಾಜಿಕ ಪರಿಶೋಧನೆ ಮಾಡಬೇಕು ಎಂದು ಬರೆದರು. ನಮ್ಮೂರಲ್ಲೂ ಕೂಲಿಯ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿದ್ದನ್ನು ನಾನು ನೋಡಿದ್ದೇನೆ. ಬದು ಹಾಕಿದ ಲೆಕ್ಕ ಓದಬಹುದಾದರೆ, ಆ ಬದುವಿನ ಒಳಗಿನ ಬೆಳೆ ಹೋದ ಲೆಕ್ಕ ಯಾಕೆ ಓದಬಾರದು?

ಇದನ್ನು ಕೇಳುವುದಕ್ಕೆ ಈಗ ಹೊತ್ತು ಕೂಡ ಕಡಿಮೆ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಮು, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಾಗ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ಬದಲಿಸಿತು. ಮೊದಲು ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಇಲ್ಲವೇ ಗೋಪ್ಯತೆಗೆ ವಿನಾಕಾರಣ ಧಕ್ಕೆ ತರುವ ಖಾಸಗಿ ಮಾಹಿತಿಯನ್ನು ಮಾತ್ರ ತಡೆಯಬಹುದಿತ್ತು. ಜನಹಿತ ದೊಡ್ಡದು ಎನಿಸಿದರೆ ಅದನ್ನೂ ಕೊಡಬೇಕಿತ್ತು. ಈಗ ಆ ಕಲಮಿನಲ್ಲಿ ಉಳಿದಿರುವುದು ವೈಯಕ್ತಿಕ ಮಾಹಿತಿ ಎಂಬ ಮಾತಷ್ಟೇ. ಜನಹಿತಕ್ಕಾಗಿ ಕೊಡಬಹುದು ಎಂಬ 8(2) ಇನ್ನೂ ಇದೆ, 4ನೇ ಕಲಮೂ ಇದೆ. ಆದರೆ ನನಗೆ ಬಂದಂಥ ಎರಡು ಸಾಲಿನ ಉತ್ತರ ಬರೆಯುವವರಿಗೆ ಈಗ ಇನ್ನೂ ಸಲೀಸು.

ಗೋಪ್ಯತೆ ಬೇಡ ಎಂದು ನಾನು ಹೇಳುವುದಿಲ್ಲ. ಯಾರ ಆಧಾರ್ ನಂಬರೂ ಗೋಡೆ ಮೇಲೆ ಬರಬಾರದು. ಖಾತೆ ನಂಬರ್, ಫೋನ್ ನಂಬರ್ ಬರಬಾರದು. ಸೈಬರ್ ಕಳ್ಳರು ಅದೇ ಪಟ್ಟಿ ಹಿಡಿದು ಫೋನ್ ಮಾಡುತ್ತಾರೆ. ಆದರೆ ಸರ್ವೆ ನಂಬರ್, ಹೆಸರು, ಬೆಳೆ, ಎಕರೆ, ರೂಪಾಯಿ ಇವುಗಳಲ್ಲಿ ಗುಟ್ಟು ಯಾವುದು? ಉತಾರ ಯಾರು ಬೇಕಾದರೂ ತೆಗೆಯಬಹುದು. ನಮ್ಮ ಹೊಲದಲ್ಲಿ ಏನು ಬಿತ್ತಿದ್ದೇವೆ ಎಂದು ದಾರಿಹೋಕರಿಗೂ ಕಾಣುತ್ತದೆ. ಬೆಳೆ ಹೋದದ್ದಂತೂ ಊರಿಗೆಲ್ಲ ಗೊತ್ತು. ಉಳಿದದ್ದು ರೂಪಾಯಿ ಒಂದೇ, ಅದು ಸಾರ್ವಜನಿಕರ ರೂಪಾಯಿ.

ಆ ಶನಿವಾರಕ್ಕೆ ತಿರುಗಿ ಬರುತ್ತೇನೆ. ಹನ್ನೊಂದನೇ ಹಾಳೆ ಮುಗಿದಾಗ ಕತ್ತಲಾಗಿತ್ತು. ಹುಡುಗನೊಬ್ಬ ಮೊಬೈಲ್ ಟಾರ್ಚ್ ಹಿಡಿದಿದ್ದ. ಕಂಬದ ಹತ್ತಿರ ಒಬ್ಬ ಚಿಗವ್ವ ಮೊದಲಿನಿಂದ ಕೊನೆಯವರೆಗೂ ಕೂತಿದ್ದಳು. ಗಂಡ ಇಲ್ಲ. ಊರು ಬಿಟ್ಟು ಹೋದವರ ಎರಡು ಎಕರೆಯನ್ನು ಲಾವಣಿ, ಅಂದರೆ ಗುತ್ತಿಗೆ, ಹಿಡಿದು ಮಾಡುತ್ತಾಳೆ. ಬೀಜ ಅವಳದು, ಗೊಬ್ಬರ ಅವಳದು, ಸಾಲ ಅವಳದು. ಆ ಸರ್ವೆ ನಂಬರನ್ನು ನಾನು ಐದನೇ ಹಾಳೆಯಲ್ಲೇ ಓದಿದ್ದೆ. ಹೆಸರು ಹೊಲದ ಮಾಲೀಕರದ್ದು, ದುಡ್ಡು ಅವರಿಗೆ ಜಮಾ ಆಗಿತ್ತು. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಉತಾರದಲ್ಲಿ ಯಾರ ಹೆಸರಿದೆಯೋ ಅವರಿಗೇ ಪರಿಹಾರ.

"ಮುಗೀತೇನವಾ ತಂಗೀ?" ಎಂದು ಕೇಳಿದಳು.

"ಮುಗೀತು ಚಿಗವ್ವಾ."

ಅವಳು ಕೂತಿದ್ದ ಗೋಣಿಚೀಲ ಮಡಿಚಿಕೊಂಡು ಎದ್ದಳು. ನಾನು ತಡಿ ಅಂದೆ. ಕೊನೆಯ ಹಾಳೆಯ ಹಿಂಬದಿ ಖಾಲಿ ಇತ್ತು. ಅವಳ ಹೆಸರು ಬರೆದೆ. ಸರ್ವೆ ನಂಬರ್, ಕಡಲೆ, 2 ಎಕರೆ, ಲಾವಣಿ. ರೂಪಾಯಿಯ ಜಾಗದಲ್ಲಿ ಸೊನ್ನೆ ಹಾಕಿದೆ. ಅದನ್ನು ನೋಡಿ ಇನ್ನೊಬ್ಬರು ಬಂದರು, ಆಮೇಲೆ ಮತ್ತೊಬ್ಬರು. ಟಾರ್ಚ್ ಹಿಡಿದಿದ್ದ ಹುಡುಗ ತನ್ನ ಅಪ್ಪನ ಹೆಸರೂ ಹೇಳಿದ. ಹದಿನಾಲ್ಕು ಹೆಸರಾಯಿತು. ಬರೆದದ್ದನ್ನು ಅಲ್ಲೇ ಒಂದು ಸಲ ಜೋರಾಗಿ ಓದಿದೆ. ಯಾರೂ ತಕರಾರು ತೆಗೆಯಲಿಲ್ಲ.

ಅದರ ಪ್ರತಿ ಮಾಡಿ, ಮೇಲೊಂದು ಪತ್ರ ಇಟ್ಟು ಕಚೇರಿಗೆ ಕೊಟ್ಟೆ. ದುಂಡು ಮುದ್ರೆ ಹಾಕಿದ ಸ್ವೀಕೃತಿ ನನ್ನ ಹತ್ತಿರ ಇದೆ. ಉತ್ತರ ಇನ್ನೂ ಬಂದಿಲ್ಲ. ಊರಿಗೆ ಹೋದಾಗಲೆಲ್ಲ ಚಿಗವ್ವ ಅದನ್ನು ಕೇಳುತ್ತಾಳೆ. ಚೀಲದಿಂದ ತೆಗೆದು ತೋರಿಸುತ್ತೇನೆ. ಅವಳಿಗೆ ಓದಲು ಬರುವುದಿಲ್ಲ, ಆದರೆ ತನ್ನ ಹೆಸರು ಎಷ್ಟನೇ ಸಾಲಿನಲ್ಲಿದೆ ಎಂದು ಗೊತ್ತು. ಮೊದಲನೆಯದು.